ಡಿಕ್ಕಿ ತಳಕ್ಕೆ ಹೊಡೀತಿದ್ದ ಝಳ

ಒಂದೂವರೆ ಗಂಟೆ ಹೈವೇಲಿ ಕಾರ್ ಓಡಿಸ್ಕೊಂಡು ಬಂದು ಡಿಕ್ಕಿ ತೆಗೆದ್ರೆ ಒಳಗಿಂದ ಬಿಸಿಗಾಳಿ ರಪ್ ಅಂತ ಮುಖಕ್ಕೆ ಬಡೀತು, ಎಡಗಡೆ ಮೂಲೇಲಿಟ್ಟಿದ್ದ ಶೂ ಎತ್ತಿದ್ರೆ ಅದರ ಸೋಲ್ ಕಾರ್ಪೆಟ್ ಮೇಲೇ ಉಳ್ಕೊಂಡು ಮೇಲಿನ ಭಾಗ ಮಾತ್ರ ಕೈಗೆ ಬಂತು. ಅಂಟು ಕರಗಿ ದಾರ ದಾರ ಎಳೀತಿತ್ತು. ಅದರ ಪಕ್ಕದಲ್ಲೇ ಕ್ಯಾಮೆರಾ ಬ್ಯಾಗ್, ಅದರೊಳಗೆ ಎರಡು ಲಿಥಿಯಂ ಬ್ಯಾಟರಿ, ಅವನ್ನ ಮುಟ್ಟಿ ನೋಡಿದಾಗ ನಿಜವಾಗ್ಲೂ ಭಯ ಆಯ್ತು. ಇನ್ನು ಇದನ್ನ ಹೀಗೇ ಬಿಡಬಾರದು ಅಂತ ಅವತ್ತೇ ತೀರ್ಮಾನ ಮಾಡ್ದೆ.

ನನ್ನದು ಮಿಡ್ ಇಂಜಿನ್ ಟೂ ಸೀಟರ್. ಸೀಟಿನ ಬೆನ್ನಿಗೆ ಇಂಜಿನ್, ಇಂಜಿನ್ ಬೆನ್ನಿಗೆ ಡಿಕ್ಕಿ, ಡಿಕ್ಕಿ ತಳದ ಕೆಳಗೆ ಅಡ್ಡಡ್ಡ ಮಲಗಿರೋ ಸೈಲೆನ್ಸರ್. ಇಂಜಿನ್ ಮುಂದೆ ಇರೋ ಕಾರಲ್ಲಿ ಹೊಗೆ ಅಷ್ಟುದ್ದ ಪೈಪ್ ದಾಟಿ ಹಿಂದಕ್ಕೆ ಬರೋ ಹೊತ್ತಿಗೆ ತಕ್ಕಮಟ್ಟಿಗೆ ಆರಿರುತ್ತೆ, ಇಲ್ಲಿ ಆ ದೂರಾನೇ ಇಲ್ಲ. ಪೆಟ್ರೋಲ್ ಇಂಜಿನ್ನನ್ನ ಜೋರಾಗಿ ಓಡಿಸಿದಾಗ ಇಂಜಿನ್ನಿಂದ ಹೊಗೆ ಹೊರಬರೋ ಮ್ಯಾನಿಫೋಲ್ಡ್ ಪೈಪ್ ಹತ್ರ ಹೊಗೆ 800 ಡಿಗ್ರಿ ಮುಟ್ಟಬಹುದು, ಅದೇ ಬಿಸಿ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ದಾಟಿ ನಾಲ್ಕು ಅಡಿ ಬರೋದ್ರೊಳಗೆ ಸೈಲೆನ್ಸರ್ ಒಳಗೆ ನುಗ್ಗುತ್ತೆ.

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡೋದೇ, ಕಾರ್ಪೆಟ್ ಎತ್ತಿ ತಳಕ್ಕೆಲ್ಲ ಬ್ಯುಟೈಲ್ ಡ್ಯಾಂಪಿಂಗ್ ಶೀಟ್ ಅಂಟಿಸಿದೆ, ಮೇಲುಗಡೆ ಅಲ್ಯೂಮಿನಿಯಂ ಹಾಳೆ ಬೆಳ್ಳಿ ಥರ ಹೊಳೀತಿತ್ತಲ್ಲ, ಬಿಸೀನೂ ತಡೆಯುತ್ತೆ ಅಂದ್ಕೊಂಡಿದ್ದೆ. ಒಂದು ಭಾನುವಾರ ಪೂರ್ತಿ ಹೋಯ್ತು. ಸದ್ದು ಚೆನ್ನಾಗಿ ಕಮ್ಮಿ ಆಯ್ತು, ಅದು ಇರೋದೇ ತಗಡಿನ ನಡುಕ ತಡೆಯೋಕೆ. ಬಿಸಿ ಮಾತ್ರ ಹಾಗೇ ಇತ್ತು, ಕಾಯೋದು ಸ್ವಲ್ಪ ತಡ ಆಯ್ತು ಅಷ್ಟೇ.

ಯಾಕೆ ಅಂತ ಕೂತು ಯೋಚನೆ ಮಾಡಿದಾಗ ನಮ್ಮ ಭಾಷೇಲೇ ಉತ್ತರ ಇದೆ ಅನ್ನಿಸ್ತು. ನಾವು ಕಾವು ಬೇರೆ, ಝಳ ಬೇರೆ ಅಂತೀವಲ್ಲ. ಮುಟ್ಟಿದ್ರೆ ಹತ್ತೋದು ಕಾವು, ಬೆಂಕಿಯಿಂದ ದೂರ ನಿಂತಿದ್ರೂ ಮುಖಕ್ಕೆ ಹೊಡಿಯೋದು ಝಳ. ಸೈಲೆನ್ಸರ್ ಡಿಕ್ಕಿ ತಳಕ್ಕೆ ಎಲ್ಲೂ ತಾಗಿಲ್ಲ, ರಬ್ಬರ್ ಹ್ಯಾಂಗರಲ್ಲಿ ತೂಗಾಡ್ತಾ ಇದೆ. ಅಲ್ಲಿಂದ ಬರ್ತಿರೋದ್ರಲ್ಲಿ ದೊಡ್ಡ ಪಾಲು ಝಳ. ಈ ಝಳ ಬಿಸಿ ಏರಿದಷ್ಟೇ ಏರಲ್ಲ, ಕೆಲ್ವಿನ್ ಲೆಕ್ಕದ ಉಷ್ಣತೆಯ ನಾಲ್ಕನೇ ಘಾತದಷ್ಟು ಏರುತ್ತೆ. 27 ಡಿಗ್ರಿ ಅಂದ್ರೆ 300 ಕೆಲ್ವಿನ್, 327 ಡಿಗ್ರಿ ಅಂದ್ರೆ 600 ಕೆಲ್ವಿನ್, ಅಂದ್ರೆ ಎರಡು ಪಟ್ಟು ಬಿಸಿಗೆ 16 ಪಟ್ಟು ಝಳ. ಅದಕ್ಕೇ ಊರೊಳಗೆ ನಿಧಾನಕ್ಕೆ ಓಡಾಡುವಾಗ ಬೆಚ್ಚಗಿರೋ ಡಿಕ್ಕಿ ಹೈವೇಲಿ ಸುಡೋಕೆ ಶುರುವಾಗೋದು. ಹೊಳೆಯೋ ಅಲ್ಯೂಮಿನಿಯಂ ಈ ಝಳದಲ್ಲಿ ಬಹುಪಾಲು ವಾಪಸ್ ಎಸೆಯುತ್ತೆ, ಆದ್ರೆ ಅದರ ಹೊಳೆಯೋ ಮುಖ ಬಿಸಿ ಕಡೆಗೆ ಇರಬೇಕು, ಎದುರಿಗೆ ಗಾಳಿ ಇರಬೇಕು. ನಾನು ಅದನ್ನ ತಳದ ಒಳಗಡೆ ಅಂಟಿಸಿದ್ದೆ. ತಗಡು ಆಗ್ಲೇ ಝಳ ಹೀರ್ಕೊಂಡು ಕಾದಿರುತ್ತೆ, ಅದಕ್ಕೆ ಒತ್ತಿ ಅಂಟಿಸಿದ ಶೀಟಿಗೆ ಸಿಗೋದು ಬರೀ ಕಾವು, ಅಲ್ಲಿ ಎಷ್ಟು ಹೊಳೆದ್ರೂ ಏನೂ ಪ್ರಯೋಜನ ಇಲ್ಲ. ಮೆಕ್‌ಲಾರೆನ್ ಎಫ್1 ಅನ್ನೋ ತೊಂಬತ್ತರ ದಶಕದ ರಸ್ತೆ ಸೂಪರ್‌ಕಾರಲ್ಲಿ ಇಂಜಿನ್ ಇರೋ ಜಾಗದ ಒಳಗೋಡೆಗೆ ಚಿನ್ನದ ಹಾಳೆ ಹಾಕಿದ್ರಲ್ಲ, ಸುಮಾರು 16 ಗ್ರಾಂ, ಅದು ಶೋಕಿಗೆ ಅಲ್ಲ, ಝಳ ವಾಪಸ್ ಎಸೆಯೋದ್ರಲ್ಲಿ ಚಿನ್ನಕ್ಕಿಂತ ಒಳ್ಳೇದು ಸಿಗೋದು ಕಷ್ಟ, ಮತ್ತೆ ಅದು ಅಲ್ಯೂಮಿನಿಯಂ ಥರ ಮಂಕಾಗಲ್ಲ.

ಹಾಗಾಗಿ ತಡೆ, ಅಂದ್ರೆ ಶೀಲ್ಡ್, ಇರಬೇಕಾದ್ದು ತಳದ ಹೊರಗೆ, ಸೈಲೆನ್ಸರಿಗೂ ತಗಡಿಗೂ ಮಧ್ಯೆ.

ಅದಕ್ಕೆ ಕೈ ಹಾಕೋಕೆ ಮುಂಚೆ ಒಂದು ವಿಷಯ, ದಯವಿಟ್ಟು ಇದನ್ನ ಬಿಟ್ಟು ಮುಂದೆ ಹೋಗ್ಬೇಡಿ. ಡಿಕ್ಕೀಲಿ ಬಿಸಿ ಜೊತೆ ಹೊಗೆ ವಾಸನೇನೂ ಇದ್ರೆ ಅದು ಶೀಲ್ಡ್ ಹಾಕಿ ಮುಚ್ಚೋ ಸಮಸ್ಯೆ ಅಲ್ಲ, ಎಕ್ಸಾಸ್ಟ್ ಎಲ್ಲೋ ಲೀಕ್ ಆಗ್ತಿದೆ ಇಲ್ಲಾಂದ್ರೆ ಡಿಕ್ಕಿ ರಬ್ಬರ್ ಬಿಟ್ಟಿದೆ, ಕಾರಿನ ಹಿಂದೆ ಒತ್ತಡ ಕಮ್ಮಿ ಇರೋದ್ರಿಂದ ಹೊಗೆ ಅಲ್ಲೇ ಸುತ್ತಿ ಒಳಗೆ ಬರುತ್ತೆ. ಅದರಲ್ಲಿರೋ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣಾನೂ ಇಲ್ಲ ವಾಸನೇನೂ ಇಲ್ಲ, ಪ್ರಾಣಕ್ಕೇ ಕುತ್ತು. ಪೈಪಿಗೆ ಪೈಪ್ ಬೋಲ್ಟಲ್ಲಿ ಸೇರೋ ಫ್ಲ್ಯಾಂಜ್ ಜೋಡಣೆ ಸುತ್ತ ಕಪ್ಪು ಮಸಿ ಇದ್ಯಾ ನೋಡಿ. ಮಿಸ್‌ಫೈರ್, ಅಂದ್ರೆ ಇಂಜಿನ್ ಒಳಗೆ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳದೇ ಇರೋದು, ಇದ್ರೆ ಅದನ್ನೂ ಮೊದಲು ಸರಿ ಮಾಡಿಸಿ, ಸುಡದೇ ಉಳಿದ ಪೆಟ್ರೋಲ್ ಕನ್ವರ್ಟರ್ ಒಳಗೆ ಹೋಗಿ ಉರಿದು ಅದನ್ನ ಕೆಂಪಗೆ ಕಾಯಿಸಿಬಿಡುತ್ತೆ.

ಡಿಕ್ಕೀಲಿ ಸಂದಿ ಇದ್ಯಾ ಅಂತ ಹುಡುಕೋಕೆ ನಾನು ಮಾಡಿದ ಪರೀಕ್ಷೆ ಸುಲಭದ್ದು. ರಾತ್ರಿ ಡಿಕ್ಕಿ ಒಳಗೆ ಒಂದು ಎಲ್ಇಡಿ ಲೈಟ್ ಹಚ್ಚಿಟ್ಟು ಮುಚ್ಚಿ, ಕಾರ್ ಕೆಳಗೆ ಮಲಗಿ ನೋಡ್ದೆ. ಕತ್ತಲಲ್ಲಿ ಎಡಗಡೆ ಕಡ್ಡಿ ದಪ್ಪದ ಒಂದು ಬೆಳಕಿನ ಗೆರೆ! ಟೈಲ್ ಲೈಟ್ ವೈರ್ ಹೋಗೋ ತೂತಿನ ರಬ್ಬರ್ ಒಣಗಿ ಕಲ್ಲಾಗಿ ಅರ್ಧ ಸೀಳಿತ್ತು. ಶೂ ಇಟ್ಟಿದ್ದ ಮೂಲೆ ಅದೇ. ಹೊಸ ರಬ್ಬರ್ ಹಾಕಿದ್ದಕ್ಕೇ ಬಿಸಿಗಾಳಿ ನುಗ್ಗೋದು ನಿಂತೋಯ್ತು.

ಆಮೇಲೆ ಶೀಲ್ಡ್. ಉಬ್ಬು ಉಬ್ಬು ಇರೋ ತೆಳ್ಳನೆ ಅಲ್ಯೂಮಿನಿಯಂ ಶೀಟ್ ತಗೊಂಡೆ, ಅರ್ಧ ಮಿಲಿಮೀಟರ್ ದಪ್ಪ, ಮೊದಲು ರಟ್ಟಿನಲ್ಲಿ ಅಳತೆ ಕತ್ತರಿಸಿ ಕೆಳಗಿಟ್ಟು ನೋಡಿ ಮೂರು ಸಲ ತಿದ್ದಿದೆ, ಅಂಚು ಮಡಚಿದೆ, ಇಲ್ಲಾಂದ್ರೆ ಅದೇ ಕೈ ಕುಯ್ಯುತ್ತೆ, ನಡುಗಿ ಸದ್ದೂ ಮಾಡುತ್ತೆ. ತಗಡಿಗೂ ಶೀಲ್ಡಿಗೂ ನಡುವೆ ಹನ್ನೆರಡು ಮಿಲಿಮೀಟರ್ ಜಾಗ ಬರೋ ಹಾಗೆ ಸ್ಟೇನ್‌ಲೆಸ್ ಪೈಪಿನ ತುಂಡುಗಳನ್ನ ಬೋಲ್ಟಿಗೆ ಪೋಣಿಸಿದೆ, ಅಲ್ಯೂಮಿನಿಯಂ ತುಂಡು ಹಾಕಿದ್ರೆ ಅದರ ಮೂಲಕವೇ ಕಾವು ಸುಲಭವಾಗಿ ಮೇಲೆ ಹತ್ತುತ್ತೆ, ಸ್ಟೇನ್‌ಲೆಸ್ ಅಷ್ಟು ಸಾಗಿಸಲ್ಲ. ಮುಂದೆ ಹಿಂದೆ ಎರಡೂ ಕಡೆ ತೆರೆದೇ ಬಿಟ್ಟೆ, ಓಡುವಾಗ ಆ ಸಂದಿಯಲ್ಲಿ ಗಾಳಿ ಹರೀಬೇಕು. ಸೈಲೆನ್ಸರ್ ಅಲ್ಲಾಡೋ ಅಷ್ಟು ಜಾಗ ಕೆಳಗೂ ಬಿಡ್ಬೇಕು, ಅದನ್ನ ಕೈಯಲ್ಲಿ ತಳ್ಳಿ ನೋಡ್ಕೊಂಡೆ. ಕನ್ವರ್ಟರ್ ಪಕ್ಕದ ಜಾಗಕ್ಕೆ ಮಾತ್ರ ಅಲ್ಯೂಮಿನಿಯಂ ಬೇಡ, ಅದು ಕರಗೋದು 660 ಡಿಗ್ರಿಗೆ, ಅಲ್ಲಿಗೆ ಸ್ಟೇನ್‌ಲೆಸ್ಸೇ ಸರಿ.

ಪೈಪಿಗೆ ಬಟ್ಟೆ ಥರ ಸುತ್ತೋ ವ್ರ್ಯಾಪ್ ಹಾಕಲಿಲ್ಲ. ಬಿಸಿ ತಡೆಯುತ್ತೆ ನಿಜ, ಆದ್ರೆ ಮಳೆ ನೀರು ಹೀರಿ ಹಿಡ್ಕೊಂಡು ಒಳಗೇ ಪೈಪ್ ತುಕ್ಕು ಹಿಡಿಯುತ್ತೆ, ಆಯಿಲ್ ಬಿದ್ರಂತೂ ಬೆಂಕಿ ಹತ್ತೋ ಅಪಾಯ. ಪೈಪಿಗೇ ಬಳಿಯೋ, ಬಿಸಿ ತಡೆಯೋ ಸೆರಾಮಿಕ್ ಕೋಟಿಂಗ್ ನನಗೆ ಇಷ್ಟ, ಅದಕ್ಕೆ ಎಲ್ಲಾ ಬಿಚ್ಚಬೇಕು, ಮುಂದೆ ನೋಡೋಣ.

ಅಳತೆ ಮಾಡೋರಿಗೆ ಒಂದು ಮಾತು. ಮುಟ್ಟದೇ ಬಿಸಿ ಅಳೆಯೋ ಇನ್ಫ್ರಾರೆಡ್ ಗನ್ನನ್ನ ಹೊಳೆಯೋ ಶೀಟ್ ಮೇಲೆ ಹಿಡಿದ್ರೆ ತಪ್ಪು ತೋರಿಸುತ್ತೆ, ನಿಜಕ್ಕಿಂತ ತುಂಬಾ ಕಮ್ಮಿ. ಮಾಸ್ಕಿಂಗ್ ಟೇಪ್ ಒಂದು ತುಂಡು ಅಂಟಿಸಿ ಅದರ ಮೇಲೆ ಹಿಡೀರಿ. ನಾನು ಕಾರ್ಪೆಟ್ ಮೇಲೆ ಅದೇ ಮೂಲೇಲಿ ಅದೇ ರಸ್ತೆ ಓಡಿಸಿ ನೋಡಿದ್ದು, ಮುಂಚೆ 63 ಡಿಗ್ರಿ, ಈಗ 44. ಗಾಡಿ ನಿಲ್ಲಿಸಿದ ಮೇಲೆ ಕಾಲು ಗಂಟೆ ಸ್ವಲ್ಪ ಏರುತ್ತೆ, ಗಾಳಿ ನಿಂತ್ಹೋಗಿ ಬಿಸಿ ಎಲ್ಲಾ ಮೇಲಕ್ಕೆ ಬರುತ್ತಲ್ಲ, ಅದಕ್ಕೇ ಕೊನೇ ಐದು ನಿಮಿಷ ನಿಧಾನಕ್ಕೆ ಓಡಿಸಿ ಬಂದು ಡಿಕ್ಕಿ ಸ್ವಲ್ಪ ಹೊತ್ತು ತೆಗೆದಿಡ್ತೀನಿ. ಸ್ಪ್ರೇ ಡಬ್ಬಿ ಈಗಲೂ ಅಲ್ಲಿಡಲ್ಲ, 50 ಡಿಗ್ರಿ ಮೇಲೆ ಇಡಬೇಡಿ ಅಂತ ಡಬ್ಬಿ ಮೇಲೇ ಬರೆದಿರುತ್ತೆ.

ಮೂರು ವಾರ ಆದ್ಮೇಲೆ ಕೆಳಗೆ ಮಲಗಿ ಬೋಲ್ಟೆಲ್ಲ ಮುಟ್ಟಿ ನೋಡ್ದೆ, ಹಿಂದಿನ ಬಲಗಡೆಯದು ಬೆರಳಲ್ಲೇ ತಿರುಗ್ತಿತ್ತು. ಸಡಿಲ ಆಗದ ಹಾಗೆ ಒಳಗೆ ನೈಲಾನ್ ಇರೋ ಲಾಕ್ ನಟ್ ಹಾಕಿದ್ದೆ, ನೈಲಾನ್ ಬಿಸಿಗೆ ಮೆತ್ತಗಾಗಿತ್ತು. ನಾಲ್ಕಕ್ಕೂ ಪೂರ್ತಿ ಲೋಹದ ಲಾಕ್ ನಟ್ ಹಾಕಿದ್ದೀನಿ.