ಮಂಗಳೂರಿನಿಂದ ಕುಂದಾಪುರಕ್ಕೆ: ಟ್ರಯಥ್ಲಾನ್, ಅಲ್ಟ್ರಾ ತಯಾರಿಗೆ ಬರುವವರಿಗೆ

ಗೋವಾದ ಐರನ್‌ಮ್ಯಾನ್ 70.3ಕ್ಕೆ ಹೆಸರು ಕೊಡುವ ಯೋಚನೆಯಲ್ಲಿರುವ ಬಯಲುಸೀಮೆಯವರಿಗೆ ನನ್ನ ಮೊದಲ ಮಾತು: ಅದಕ್ಕೂ ಮುಂಚೆ ಮಂಗಳೂರು–ಉಡುಪಿಯ ಸೆಖೆಯಲ್ಲಿ ಬೆವರಿ ನೋಡಿ. ಅದು ಮೂರನ್ನೂ ಒಂದರ ಹಿಂದೊಂದು ಮುಗಿಸುವ ಟ್ರಯಥ್ಲಾನ್: 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಈ ದೂರವನ್ನು ದಾವಣಗೆರೆಯಲ್ಲೂ ಅಭ್ಯಾಸ ಮಾಡಬಹುದು. ಕಡಲನ್ನೂ ಒದ್ದೆ ಗಾಳಿಯನ್ನೂ ಅಲ್ಲಿ ಎಲ್ಲಿಂದ ತರುವುದು?

ನಾವು ಬಂದದ್ದು ಫೆಬ್ರುವರಿಯಲ್ಲಿ. ಜೊತೆಗಿದ್ದ ಗೆಳೆಯ 50 ಕಿ.ಮೀ. ಅಲ್ಟ್ರಾ ಓಟಕ್ಕೆ, ಅಂದರೆ ಮ್ಯಾರಥಾನ್‌ಗಿಂತ ಉದ್ದದ ಓಟಕ್ಕೆ, ತಯಾರಾಗುತ್ತಿದ್ದ. ಗೋವಾ ಸ್ಪರ್ಧೆ ಸಾಮಾನ್ಯವಾಗಿ ಅಕ್ಟೋಬರ್–ನವೆಂಬರ್‌ನಲ್ಲಿ ಬರುತ್ತದೆ, ಅದಕ್ಕೆ ಮುಂಚಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಕಡಲಿಗೆ ಇಳಿಯುವ ಮಾತೇ ಇಲ್ಲ. ಹಾಗಾಗಿ ಅಲೆಯ ಭಯ ಕಳೆದುಕೊಳ್ಳುವ ಕೆಲಸ ಮಳೆಗಾಲಕ್ಕೆ ಮೊದಲೇ ಮುಗಿಯಬೇಕು. ಡಿಸೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಸಮ ಸಂಖ್ಯೆಯ ವರ್ಷಗಳಲ್ಲಿ ಜನವರಿ 18ರ ಆಸುಪಾಸು ಮಾತ್ರ ಬೇಡ. ಕೃಷ್ಣಮಠದ ಪರ್ಯಾಯ ಉತ್ಸವದ ಜನಸಾಗರದಲ್ಲಿ ಉಡುಪಿಯಲ್ಲಿ ರೂಮು ಸಿಗುವುದು ಕಷ್ಟ.

ಈಜಿಗೆ ಪಣಂಬೂರು ಅಥವಾ ತಣ್ಣೀರುಬಾವಿ. ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ಫಲ್ಗುಣಿ ನದಿ ದಾಟಿದರೆ ತಣ್ಣೀರುಬಾವಿ. ಸೈಕಲ್ ಇದ್ದವರಿಗೆ ಕೂಳೂರು ಸೇತುವೆಯ ದಾರಿಯೇ ಅನುಕೂಲ. ಬೆಳಗಿನ ಜಾವ ಗಾಳಿ ನೆಲದಿಂದ ಕಡಲಿನ ಕಡೆಗಿರುತ್ತದೆ, ನೀರು ಶಾಂತ. ಮಧ್ಯಾಹ್ನ ಕಡಲಗಾಳಿ ಎದ್ದ ಮೇಲೆ ಅದೇ ಜಾಗ ಬೇರೆಯೇ ಆಗಿಬಿಡುತ್ತದೆ. ಇಳಿಯುವ ಮುನ್ನ ಜೀವರಕ್ಷಕರನ್ನು ಕೇಳಲೇಬೇಕು. ನಮಗೆ ಒಬ್ಬರು ಕೈ ತೋರಿಸಿ, "ಅಲ್ಲಿ ನೀರು ಎಳೀತದೆ ಮಾರಾಯ್ರೆ, ಈ ಬದಿಯಲ್ಲೇ ಈಜಿ" ಅಂದರು. ಅವರು ತೋರಿಸಿದ ಕಡೆ ಅಲೆಯೇ ಒಡೆಯುತ್ತಿರಲಿಲ್ಲ, ನೋಡಲು ಅದೇ ಸುಲಭದ ಜಾಗದಂತಿತ್ತು. ನೀರು ವಾಪಸ್ ಕಡಲಿಗೆ ಹೋಗುವ ಸೆಳೆತ ಇರುವುದು ಇಂಥಲ್ಲೇ. ಅಪ್ಪಿತಪ್ಪಿ ಸಿಕ್ಕಿಕೊಂಡರೆ ದಡದತ್ತ ಗುದ್ದಾಡಬಾರದು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು, ಆಮೇಲೆ ತಿರುಗಬೇಕು. ಅಭ್ಯಾಸವನ್ನೂ ದಡದ ಗುಂಟವೇ ಮಾಡಿ, ಸೊಂಟಕ್ಕೆ ಕಿತ್ತಳೆ ಬಣ್ಣದ ತೇಲುಚೀಲ ಇರಲಿ. ಕೊಳದಂತೆ ಇಲ್ಲಿ ತಳದಲ್ಲಿ ಗೆರೆ ಇಲ್ಲ. ಕೆಲವು ಬೀಸಿಗೊಮ್ಮೆ ತಲೆಯೆತ್ತಿ ದಡದ ಒಂದು ಗುರುತು ನೋಡುತ್ತಿರಬೇಕು. ಒಬ್ಬರೇ ಇಳಿಯುವುದಂತೂ ಬೇಡವೇ ಬೇಡ.

ಸೈಕಲ್ಲಿಗೆ ಹೇಳಿಮಾಡಿಸಿದ ಲೆಕ್ಕವೊಂದಿದೆ: ಮಂಗಳೂರಿನಿಂದ ಕುಂದಾಪುರಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 90 ಕಿ.ಮೀ. ದಾರಿ ಬಹುತೇಕ ಸಮತಟ್ಟು. ಏರು ಇಲ್ಲ ಎಂದರೆ ಇಳಿಜಾರಿನ ವಿಶ್ರಾಂತಿಯೂ ಇಲ್ಲ, ಕಾಲು ಬಿಡುವಿಲ್ಲದೆ ತುಳಿಯುತ್ತಲೇ ಇರಬೇಕು. ಕೂಳೂರು, ಪಾವಂಜೆ, ಮೂಲ್ಕಿ, ಉದ್ಯಾವರ, ಕಲ್ಯಾಣಪುರ, ಮಾಬುಕಳ ಎಂದು ಒಂದಾದ ಮೇಲೊಂದು ಸೇತುವೆ. ಪ್ರತಿ ಸೇತುವೆಯ ಮೇಲೂ ಅಡ್ಡಗಾಳಿ, ಕಬ್ಬಿಣದ ಜೋಡಣೆಯ ಸಂದುಗಳು. ಎಕ್ಸ್‌ಪ್ರೆಸ್ ಬಸ್ಸುಗಳ ವೇಗ, ಅಂಚಿನ ಮರಳು, ಎದುರಿನಿಂದ ಬರುವ ಸ್ಕೂಟರು ಇವನ್ನೆಲ್ಲ ನೋಡಿದರೆ ಭಾನುವಾರ ನಸುಕಿಗೆ ಹೊರಟು ಒಂಬತ್ತರೊಳಗೆ ಮುಗಿಸುವುದೇ ಸರಿ. ಹಿಂದೆ ಮುಂದೆ ಲೈಟು ಕಡ್ಡಾಯ.

ಓಟಕ್ಕೆ ನನ್ನ ಆಯ್ಕೆ ಕಾಪು. 1901ರ ದೀಪಸ್ತಂಭದ ಬಳಿ ಶುರುಮಾಡಿ, ಮಟ್ಟು ಮೂಲಕ ಪಡುಕೆರೆ, ಮಲ್ಪೆ ಕಡೆಗೆ. ಗುಳ್ಳ ಬದನೆಗೆ ಹೆಸರಾದ ಅದೇ ಮಟ್ಟು. ಎಡಕ್ಕೆ ಕಡಲು, ಬಲಕ್ಕೆ ಹೊಳೆ, ನಡುವೆ ಸಣ್ಣ ರಸ್ತೆ. ಇಷ್ಟು ಚೆಂದದ ಓಟದ ದಾರಿ ನಾನು ಬೇರೆಲ್ಲೂ ನೋಡಿಲ್ಲ.

ಇಲ್ಲಿಯೇ ಕರಾವಳಿಯ ನಿಜವಾದ ಪರೀಕ್ಷೆ. ನಮ್ಮೂರಿನಲ್ಲಿ ಬೆವರು ಆರುತ್ತದೆ, ಆರುವಾಗ ಮೈ ತಂಪಾಗುತ್ತದೆ. ಇಲ್ಲಿ ಗಾಳಿಯೇ ಒದ್ದೆ, ಬೆವರು ಆರದೆ ಸುಮ್ಮನೆ ಸೋರಿಹೋಗುತ್ತದೆ. ನೀರೂ ಉಪ್ಪೂ ಹೋಯಿತು, ತಂಪು ಮಾತ್ರ ಬರಲಿಲ್ಲ. ಆದ್ದರಿಂದ ಗಡಿಯಾರದ ವೇಗವನ್ನು ಇಲ್ಲಿ ಬದಿಗಿಟ್ಟು, ಉಸಿರು ಮತ್ತು ಎದೆಬಡಿತ ನೋಡಿಕೊಂಡು ಓಡಿ. ಓಡುವ ಮುಂಚೆ, ಓಡಿದ ಮೇಲೆ ಮೈ ಒರೆಸಿಕೊಂಡು ತೂಕ ನೋಡಿ. ಇಳಿದ ಒಂದು ಕಿಲೋ ಎಂದರೆ ಹೆಚ್ಚುಕಡಿಮೆ ಒಂದು ಲೀಟರ್ ಬೆವರು, ನಡುವೆ ಕುಡಿದದ್ದನ್ನೂ ಅದಕ್ಕೆ ಕೂಡಿಸಬೇಕು. ಸ್ಪರ್ಧೆಯ ದಿನ ಎಷ್ಟು ಕುಡಿಯಬೇಕೆಂಬ ಅಂದಾಜು ಹೀಗೆ ಸಿಗುತ್ತದೆ.

ಬರೀ ನೀರು ಕುಡಿಯುತ್ತ ಹೋಗುವುದು ಅಪಾಯ. ರಕ್ತದ ಸೋಡಿಯಂ ಇಳಿದರೆ ತಲೆನೋವು, ವಾಂತಿ, ಗೊಂದಲ ಶುರುವಾಗುತ್ತದೆ, ಜೀವಕ್ಕೂ ಕುತ್ತು. ದಾರಿಯುದ್ದಕ್ಕೂ ಸಿಗುವ ಬೊಂಡ, ಅಂದರೆ ಎಳನೀರು, ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಅದರ ಜೊತೆಗೆ ಉಪ್ಪು ಬೇರೆಯಾಗಿ ಹೊಟ್ಟೆಗೆ ಹೋಗಬೇಕು. ಓಆರ್‌ಎಸ್ ಪೊಟ್ಟಣ ಇಟ್ಟುಕೊಳ್ಳಿ, ಅದರ ಮೇಲೆ ಬರೆದಷ್ಟೇ ನೀರಿಗೆ ಕಲಸಿ. ಅಲ್ಟ್ರಾ ಓಡುವವರಿಗೆ ಇಲ್ಲಿನ ಕುಚ್ಚಲಕ್ಕಿ ಗಂಜಿಗಿಂತ ದೊಡ್ಡ ಉಪಕಾರಿ ಇಲ್ಲ ಎನ್ನುವುದು ನನ್ನ ಅಭಿಪ್ರಾಯ. ಓಟದ ನಡುವೆ ಶಕ್ತಿಗೆಂದು ನುಂಗುವ ಸಿಹಿ ಜೆಲ್ ತಿಂದು ತಿಂದು ವಾಕರಿಕೆ ಬಂದಿದ್ದ ಗೆಳೆಯನಿಗೆ ಉಪ್ಪು ಹಾಕಿದ ಗಂಜಿ, ಒಂದು ಚೂರು ಮಾವಿನ ಮಿಡಿ ಉಪ್ಪಿನಕಾಯಿ ಕೊಟ್ಟ ಮೇಲೆ ಓಟ ಮತ್ತೆ ಹಳಿಗೆ ಬಂತು. ಪಿಷ್ಟ, ನೀರು, ಉಪ್ಪು ಮೂರೂ ಅದರಲ್ಲಿವೆ. ಫ್ಲಾಸ್ಕಿನಲ್ಲಿ ತೆಳ್ಳಗೆ ತುಂಬಿಸಿಕೊಂಡು ಹೊರಡಿ.

ತೊಡೆ, ಕಂಕುಳಿಗೆ ವ್ಯಾಸಲೀನ್ ದಪ್ಪಗೆ ಹಚ್ಚಿಕೊಳ್ಳಿ. ತೆಂಗಿನೆಣ್ಣೆ ಈ ಬೆವರಿಗೆ ಬೇಗ ತೊಳೆದುಹೋಗುತ್ತದೆ. ಬೆವರಿಳಿದು ಶೂ ಒಳಗೂ ಒದ್ದೆಯಾಗುವುದರಿಂದ ಬದಲಿ ಸಾಕ್ಸ್ ಬೇಕೇಬೇಕು. ಊರಿಗೆ ಹೊರಡುವ ಮುನ್ನ ಸೈಕಲ್ಲಿಗೆ ಸಿಹಿನೀರು ಹಾಕಿ ಒರೆಸಿ, ಚೈನಿಗೆ ಎಣ್ಣೆ ಬಿಡಿ. ಉಪ್ಪುಗಾಳಿಗೆ ತುಕ್ಕು ಹಿಡಿಯಲು ಹೆಚ್ಚು ದಿನ ಬೇಡ.