ಅಳಿವೆಸೀಮೆಯ ಪಂಚಾಂಗ, ಅಳತೆ, ನಾಣ್ಯ: ಕೆಲಸ ಎಲ್ಲಿಗೆ ಬಂತು

ಅಳಿವೆಸೀಮೆಗೆ ಕೊನೆಗೂ ಒಂದು ಪಂಚಾಂಗ ಸಿಕ್ಕಿದೆ. ಈ ಕಲ್ಪಿತ ನಾಡಿನ ನಕ್ಷೆ, ಊರುಗಳ ಹೆಸರು, ಅರಸರ ವಂಶಾವಳಿ ಎಲ್ಲ ಮೊದಲೇ ಬರೆದಿಟ್ಟಿದ್ದೆ. ಆದರೆ ಕಾದಂಬರಿಯ ಮೊದಲ ಅಧ್ಯಾಯದಲ್ಲೇ ಒಬ್ಬಳು ಉಪ್ಪಿನ ಸಾಲ ತೆಗೆದುಕೊಂಡು "ಬರುವ ವರ್ಷ ಇದೇ ದಿನ ತೀರಿಸುತ್ತೇನೆ" ಎನ್ನುತ್ತಾಳೆ. ಆ ಒಂದು ಮಾತನ್ನು ಬರೆಯಬೇಕಾದರೆ ವರ್ಷಕ್ಕೆ ಎಷ್ಟು ದಿನ, ಉಪ್ಪನ್ನು ಅಳೆದದ್ದು ಯಾವುದರಲ್ಲಿ, ತೀರಿಸುವುದು ಯಾವ ಹಣದಲ್ಲಿ ಎಂಬ ಮೂರೂ ಗೊತ್ತಿರಬೇಕು. ಇವನ್ನು ಬೇರೆ ಬೇರೆಯಾಗಿ ಕಟ್ಟಲು ಆಗುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸಾಲ ಮತ್ತು ಕಂದಾಯ ಇವು ಮೂರನ್ನೂ ಒಂದೇ ಹಗ್ಗದಲ್ಲಿ ಬಿಗಿದಿವೆ. ಅದಕ್ಕೇ ಈ ಸಲ ಮೂರನ್ನೂ ಒಟ್ಟಿಗೆ ಕೈಗೆತ್ತಿಕೊಂಡೆ.

ಮೊದಲು ನೆಲದ ಪರಿಚಯ. ಕುಮಟಾ ಬಳಿಯ ಅಘನಾಶಿನಿ ಅಳಿವೆ ಈ ನಾಡಿನ ಮೂಲ. ಉಬ್ಬರದ ನೀರು ನುಗ್ಗುವ ಗಜನಿ ಗದ್ದೆಗಳು, ಉಪ್ಪುನೀರನ್ನು ತಾಳಿ ಬೆಳೆಯುವ ಕಗ್ಗ ಭತ್ತ, ಕೆಸರಿನಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕುವ ಹೆಂಗಸರು, ಸಾಣಿಕಟ್ಟೆಯ ಉಪ್ಪಿನ ಗದ್ದೆಗಳು: ಇಷ್ಟನ್ನು ಅಲ್ಲಿಂದ ತಂದೆ. ನಾನು ಸೇರಿಸಿದ್ದು ಅಳಿವೆಯ ಬಾಯಲ್ಲಿ ಒಂದು ಎತ್ತರದ ಮರಳದಿಣ್ಣೆ. ಹುಣ್ಣಿಮೆ, ಅಮಾವಾಸ್ಯೆಯ ದೊಡ್ಡ ಉಬ್ಬರ ಬಂದಾಗ ಮಾತ್ರ ಸರಕಿನ ದೋಣಿ ಅದನ್ನು ದಾಟಬಲ್ಲದು. ಹಾಗಾಗಿ ಕೆಳಗಿನ ಜನ ಚಂದ್ರನನ್ನು ಬಿಟ್ಟು ಬದುಕಲಾರರು. ಘಟ್ಟದ ಮೇಲೆ ಮೇಲ್ಸೀಮೆ ಇದೆ. ಅಲ್ಲಿಯವರು ಕಿರುಧಾನ್ಯ ಬೆಳೆಯುತ್ತಾರೆ. ಅವರಿಗೆ ಬೇಕಾದದ್ದು ಮಳೆಯ ಲೆಕ್ಕ, ಅಂದರೆ ಸೂರ್ಯನ ಲೆಕ್ಕ.

ಅಳಿವೆಯ ಚಾಂದ್ರಮಾನದಿಂದ ಶುರು ಮಾಡಿದೆ. ಈ ಲೋಕದ ಚಂದ್ರ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ 25.6 ದಿನ ತೆಗೆದುಕೊಳ್ಳುತ್ತಾನೆ. ತಿಂಗಳುಗಳನ್ನು 26, 25, 26, 25, 26 ಎಂದು ಸಾಲಾಗಿ ಇಟ್ಟರೆ ಐದು ತಿಂಗಳಿಗೆ ಸರಿಯಾಗಿ 128 ದಿನ. ವರ್ಷ ಸುಮಾರು 340 ದಿನ. ಹದಿಮೂರು ತಿಂಗಳಿಗೆ 332.8 ದಿನ ಆಗುವುದರಿಂದ ಪ್ರತಿ ವರ್ಷ 7.2 ದಿನ ಸಾಲದೆ ಬರುತ್ತದೆ. ಆ ಕೊರತೆ ಒಂದು ತಿಂಗಳಷ್ಟು ಕೂಡಿದಾಗ ಅಧಿಕಮಾಸ ಸೇರಿಸಬೇಕು. ಲೆಕ್ಕ ಹಾಕಿದರೆ 32 ವರ್ಷಕ್ಕೆ 9 ಅಧಿಕಮಾಸ, ಒಟ್ಟು 425 ತಿಂಗಳು, 10,880 ದಿನ. ನಮ್ಮ ಲೋಕದಲ್ಲಿ 19 ವರ್ಷಕ್ಕೆ 235 ಚಾಂದ್ರಮಾಸ, ಅದರಲ್ಲಿ 7 ಅಧಿಕ. ಅದೇ ಗಣಿತ, ಅಂಕಿ ಮಾತ್ರ ಬೇರೆ.

ಆ 9 ತಿಂಗಳು ಬೀಳುವುದು ಚಕ್ರದ 4, 8, 11, 15, 18, 22, 25, 29 ಮತ್ತು 32ನೆಯ ವರ್ಷಗಳಲ್ಲಿ. ಅಕ್ಷರ ಬಾರದ ಅಂಬಿಗರು ಇದನ್ನು ಹೇಗೆ ನೆನಪಿಟ್ಟುಕೊಂಡಾರು ಎಂದು ಯೋಚಿಸುತ್ತಾ ನಡುವಿನ ಅಂತರಗಳನ್ನು ಮಾತ್ರ ಬರೆದುಕೊಂಡೆ: ನಾಲ್ಕು, ನಾಲ್ಕು, ಮೂರು, ನಾಲ್ಕು, ಮೂರು, ನಾಲ್ಕು, ಮೂರು, ನಾಲ್ಕು, ಮೂರು. ಗಟ್ಟಿಯಾಗಿ ಓದಿದಾಗ ಮೈ ಜುಮ್ಮೆಂದಿತು. ಚಕ್ರವನ್ನು ಮೂರನೆಯ ಅಂತರದಿಂದ ಹಿಡಿದರೆ ಮೂರು-ನಾಲ್ಕು, ಮೂರು-ನಾಲ್ಕು ಎಂದು ಸಾಗುತ್ತದೆ. ಅದು ಭಾಮಿನಿ ಷಟ್ಪದಿಯ ನಡೆ! ಕೊನೆಯಲ್ಲಿ ಒಂದು ನಾಲ್ಕು ಹೆಚ್ಚಾಗಿ ಉಳಿಯುತ್ತದೆ, ಅಷ್ಟೆ. ನಾನು ಹುಡುಕಿಕೊಂಡು ಹೋದದ್ದಲ್ಲ, 25.6 ಮತ್ತು 340ರ ಒಳಗೇ ಅದು ಕೂತಿತ್ತು. ಈಗ ಅಳಿವೆಯವರ ಪಂಚಾಂಗ ಪುಸ್ತಕದಲ್ಲಿಲ್ಲ, ದೋಣಿಯ ಹುಟ್ಟು ಹಾಕುವಾಗ ಹೇಳುವ ಹಾಡಿನಲ್ಲಿದೆ. ಮೂರು ಮಾತ್ರೆಗೆ ಹುಟ್ಟು ನೀರಿಗೆ, ನಾಲ್ಕು ಮಾತ್ರೆಗೆ ಮೇಲಕ್ಕೆ. ಹೆಚ್ಚಿನ ನಾಲ್ಕು ಬಂದಲ್ಲಿ ಎಲ್ಲರೂ ಒಮ್ಮೆ ಕೂಗು ಹಾಕುತ್ತಾರೆ. ಹಾಡಿನ ಮೊದಲ ಎರಡು ಪದ್ಯ ಬರೆದಾಗಿದೆ. ಈ ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟ ಭಾಗ ಇದೇ.

ಮೇಲ್ಸೀಮೆಯ ಲೆಕ್ಕ ಸರಳ. ನಮ್ಮ ರೈತರು ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಎಂದು ಸೂರ್ಯ ಇರುವ ನಕ್ಷತ್ರದ ಹೆಸರಲ್ಲೇ ಮಳೆಯನ್ನು ಕರೆಯುತ್ತಾರಲ್ಲ, ಅದೇ ಜಾಡು. ನಮ್ಮಲ್ಲಿ 27 ನಕ್ಷತ್ರ, ಒಂದೊಂದಕ್ಕೆ ಹದಿಮೂರೂವರೆ ದಿನ. ಅಲ್ಲಿ 20 ನಕ್ಷತ್ರ, ಒಂದೊಂದಕ್ಕೆ 17 ದಿನ, ಒಟ್ಟು 340. ಮಳೆ ಬಾರದ ಕಾಲದ ನಕ್ಷತ್ರಕ್ಕೂ ಅವರು 'ಮಳೆ' ಎಂದೇ ಹೇಳುತ್ತಾರೆ. ಗಾದೆಗಳನ್ನೂ ಕಟ್ಟಬೇಕು. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಎನ್ನುವಂಥ ಪ್ರಾಸ ಹುಟ್ಟಬೇಕಾದರೆ ನಕ್ಷತ್ರದ ಹೆಸರು ಮೊದಲೇ ಪ್ರಾಸಕ್ಕೆ ಒಗ್ಗುವಂತಿರಬೇಕು. ಆದ್ದರಿಂದ ಇಪ್ಪತ್ತು ಹೆಸರನ್ನೂ ಇನ್ನೊಮ್ಮೆ ಸೋಸುತ್ತಿದ್ದೇನೆ.

ಇನ್ನು ನಾನು ಬೇಕೆಂದೇ ಇಟ್ಟ ಬಿರುಕು. ಸೌರವರ್ಷ ಸರಿಯಾಗಿ 340 ದಿನ ಇದ್ದಿದ್ದರೆ ಎರಡೂ ಪಂಚಾಂಗ 32 ವರ್ಷಕ್ಕೊಮ್ಮೆ ಚೊಕ್ಕವಾಗಿ ಕೂಡಿಬಿಡುತ್ತಿದ್ದವು. ಆಕಾಶ ಅಷ್ಟು ಚೊಕ್ಕವಾಗಿರುವುದಿಲ್ಲ. ನಮ್ಮ 19 ವರ್ಷದ ಚಕ್ರದಲ್ಲೂ ಸುಮಾರು ಎರಡು ಗಂಟೆಯ ವ್ಯತ್ಯಾಸ ಉಳಿಯುತ್ತದೆ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21-22ರ ಹೊತ್ತಿಗೆ, ನಾವು ಎಳ್ಳು ಬೀರುವುದು ಜನವರಿ 14-15ಕ್ಕೆ; ಶತಮಾನಗಳ ಅಯನಚಲನ, ಅಂದರೆ ಭೂಮಿಯ ಅಕ್ಷದ ನಿಧಾನವಾದ ತಿರುಗುವಿಕೆ, ಅವೆರಡನ್ನು ಅಷ್ಟು ದೂರ ಮಾಡಿದೆ. ಹಾಗಾಗಿ ನನ್ನ ಲೋಕದ ವರ್ಷಕ್ಕೆ ಒಂದು ದಿನದ 32ನೆಯ ಒಂದು ಪಾಲು ಹೆಚ್ಚಿಗೆ ಕೊಟ್ಟೆ. ಒಂದು ಚಕ್ರಕ್ಕೆ ಒಂದು ದಿನ. ಮೇಲ್ಸೀಮೆಯವರು ನಕ್ಷತ್ರ ಮೂಡುವುದನ್ನು ಕಣ್ಣಾರೆ ನೋಡಿ ಎಣಿಸುವುದರಿಂದ ಅವರ ಲೆಕ್ಕಕ್ಕೆ ಆ ದಿನ ತಾನಾಗಿ ಸೇರಿಹೋಗುತ್ತದೆ. ಅಳಿವೆಯವರು ಹಾಡನ್ನು ನಂಬಿದವರು. ಅವರ ಪಂಚಾಂಗ ಚಕ್ರಕ್ಕೆ ಒಂದು ದಿನದಂತೆ ಮುಂದೋಡುತ್ತದೆ. ಕಥೆ ನಡೆಯುವುದು ಹತ್ತು ಚಕ್ರ ಕಳೆದ ಮೇಲೆ, ಅಂದರೆ 320 ವರ್ಷದ ನಂತರ. ಅಷ್ಟರಲ್ಲಿ ಅವರ ಮಳೆಹಬ್ಬ ನಿಜವಾದ ಮಳೆಗಿಂತ ಹತ್ತು ದಿನ ಮೊದಲೇ ಬರುತ್ತಿದೆ. ಸುಡುವ ಬಿಸಿಲಲ್ಲಿ ನಿಂತು ಮಳೆಯನ್ನು ಸ್ವಾಗತಿಸುವ ಊರು! ಮೇಲಿನವರು ನೋಡಿ ನಗುತ್ತಾರೆ, ಕೆಳಗಿನವರು ಹಾಡು ತಪ್ಪಾಗಲು ಸಾಧ್ಯವೇ ಇಲ್ಲ ಎನ್ನುತ್ತಾರೆ. ಇಬ್ಬರದೂ ನ್ಯಾಯವೇ, ಯಾಕೆಂದರೆ ಚಂದ್ರನ ಮಟ್ಟಿಗೆ ಹಾಡು ಒಂದು ದಿನವೂ ತಪ್ಪಿಲ್ಲ.

ತಿಂಗಳ ಹೆಸರುಗಳಿಗೆ ತುಳುನಾಡಿನ ಪಗ್ಗು, ಬೇಶ, ಆಟಿ, ಸೋಣಗಳು ದಾರಿ ತೋರಿಸಿದವು. ಆಟಿ ಎಂದೊಡನೆ ಸುರಿಯುವ ಮಳೆ, ಬರಿದಾದ ಅಡುಗೆಮನೆ, ಮನೆಮನೆಗೆ ಬಂದು ಕುಣಿಯುವ ಆಟಿ ಕಳಂಜ ಎಲ್ಲ ಕಣ್ಣೆದುರು ಬರುವಂತೆ ನನ್ನ ತಿಂಗಳುಗಳೂ ಬದುಕನ್ನು ಹೊತ್ತಿರಬೇಕು. ಸಿಹಿನೀರು, ಕಟ್ಟೆ, ಬಳಚು, ಉಪ್ಪೇರು, ಒಣಗಾಳಿ: ಇಷ್ಟು ಗಟ್ಟಿಯಾಗಿವೆ. ಅಧಿಕಮಾಸಕ್ಕೆ 'ಕಡ ತಿಂಗಳು' ಎಂದಿಟ್ಟೆ. ಸೂರ್ಯನಿಂದ ಕಡ ತಂದ ತಿಂಗಳು ಅದು.

ಅಳತೆಗೆ ಬಂದಾಗ ಎರಡು ಸೀಮೆಗೂ ಎರಡು ಬಗೆಯ ಎಣಿಕೆ ಕೊಟ್ಟೆ. ಅಳಿವೆಯವರು ಅರ್ಧ ಮಾಡುತ್ತಾ ಹೋಗುತ್ತಾರೆ: ಅರೆ, ಕಾಲು, ಅರೆಕಾಲು, ಹದಿನಾರರಲ್ಲೊಂದು ಪಾಲಾದ ವೀಸ. ರಾಶಿಯನ್ನು ಕಣ್ಣಳತೆಯಲ್ಲೇ ಎರಡು ಪಾಲು ಮಾಡಬಹುದು, ಹತ್ತು ಪಾಲು ಮಾಡಲಾಗದು. ರೂಪಾಯಿಗೆ 16 ಆಣೆ, ಸೇರಿಗೆ 16 ಚಟಾಕು ಇದ್ದದ್ದಕ್ಕೂ ಈ ಅರ್ಧ ಮಾಡುವ ಅನುಕೂಲ ಒದಗುತ್ತದೆ. ಅವರ ಮೂಲಮಾನ ತೆಂಗಿನ ಕರಟ, ಸುಮಾರು ಕಾಲು ಲೀಟರ್. 16 ಕರಟಕ್ಕೆ ಒಂದು ಕುಕ್ಕೆ, 8 ಕುಕ್ಕೆಗೆ ಒಂದು ಹೊರೆ. ಹೊರೆ ಎಂದರೆ 32 ಲೀಟರ್. ಉಪ್ಪಾದರೆ ಹೆಚ್ಚುಕಡಿಮೆ 32 ಕಿಲೋ. ಬ್ರಿಟಿಷರ ಕಾಲದ 40 ಸೇರಿನ ಮಣ 37.32 ಕಿಲೋ ಇತ್ತು. ಒಬ್ಬ ಮನುಷ್ಯ ತಲೆಯ ಮೇಲೆ ಹೊರಬಲ್ಲ ಭಾರ ಅದರ ಆಸುಪಾಸಿನಲ್ಲೇ ಇರುತ್ತದೆ, ಆದ್ದರಿಂದ ಹೊರೆಯ ಲೆಕ್ಕ ನನಗೆ ಸಮಾಧಾನ ತಂದಿದೆ. ಮೇಲ್ಸೀಮೆಯಲ್ಲಿ ಎಲ್ಲವೂ ಇಪ್ಪತ್ತು: 20 ಬೊಗಸೆಗೆ ಒಂದು ಗಡಿಗೆ, ನಮ್ಮ 20 ಕೊಳಗಕ್ಕೆ ಒಂದು ಖಂಡುಗ ಇದ್ದ ಹಾಗೆ. ಹೊಲವನ್ನು ಅಳೆಯುವುದು ಕೋಲಿನಿಂದಲ್ಲ, ಬೀಜದಿಂದ. ಹಳೆಯ ದಾಖಲೆಗಳ ಬೀಜವರಿಯಂತೆ, ಒಂದು ಗಡಿಗೆ ಬಿತ್ತುವ ನೆಲ ಒಂದು ಗಡಿಗೆ ಹೊಲ. ನೆಲ ಬಡವಾದಷ್ಟೂ ಬೀಜ ವಿರಳವಾಗಿ ಬೀಳುತ್ತದೆ, ಹೊಲ ಅಗಲವಾಗುತ್ತದೆ. ಇದರಲ್ಲಿ ಒಂದು ಕರುಣೆ ಇದೆ, ಅದನ್ನು ನಾನು ಕಳೆದುಕೊಳ್ಳಲಾರೆ.

ಕುಕ್ಕೆಯೂ ಗಡಿಗೆಯೂ ಎರಡೂ ಸುಮಾರು ನಾಲ್ಕು ಲೀಟರ್. ಜಗಳ ಇರುವುದು ಅಳೆಯುವ ಕ್ರಮದಲ್ಲಿ. ಅಳಿವೆಯವರು ಕೋಲಿನಿಂದ ಸವರಿ ಮಟ್ಟ ಮಾಡುತ್ತಾರೆ, ಮೇಲಿನವರು ಗೋಪುರ ಕಟ್ಟಿ ಅಳೆಯುತ್ತಾರೆ. ಗೋಪುರದಲ್ಲಿ ಎಷ್ಟು ಹಿಡಿಯುತ್ತದೆ ಎಂದು ಲೆಕ್ಕ ಹಾಕಿದೆ. ಧಾನ್ಯ ಸುಮಾರು 35 ಡಿಗ್ರಿ ಇಳಿಜಾರಿನಲ್ಲಿ ನಿಲ್ಲುತ್ತದೆ ಎಂದುಕೊಂಡರೆ, ಬಾಯಿ 20 ಸೆಂಟಿಮೀಟರ್ ಅಗಲದ ಗಡಿಗೆಯ ಮೇಲೆ ಮುಕ್ಕಾಲು ಲೀಟರಿಗೆ ತುಸು ಕಡಿಮೆ ನಿಲ್ಲುತ್ತದೆ. ಬಾಯಿ 26 ಸೆಂಟಿಮೀಟರ್ ಆದರೆ ಒಂದೂವರೆ ಲೀಟರ್ ದಾಟುತ್ತದೆ. ಒಳಗಿನ ಅಳತೆ ಎರಡರಲ್ಲೂ ಅದೇ ನಾಲ್ಕು ಲೀಟರ್! ಹಾಗಾದರೆ ಮೇಲ್ಸೀಮೆಯ ಧಣಿಯ ಮನೆಯಲ್ಲಿ ಎರಡು ಗಡಿಗೆ ಇರಲೇಬೇಕು: ಗೇಣಿ ತೆಗೆದುಕೊಳ್ಳಲು ಅಗಲ ಬಾಯಿಯದು, ಸಾಲ ಕೊಡಲು ಕಿರಿದಾದ ಬಾಯಿಯದು. ಯಾರೂ ಸುಳ್ಳು ಹೇಳುತ್ತಿಲ್ಲ, ಆದರೂ ರೈತ ಪ್ರತಿ ವರ್ಷ ಸೋಲುತ್ತಾನೆ. ಇದಕ್ಕೆ ಎದುರಾಗಿ ದೇವಸ್ಥಾನದ ಗಡಿಗೆಯನ್ನು ತಂದೆ. ತಂಜಾವೂರಿನ ದೊಡ್ಡ ಗುಡಿಯಲ್ಲಿ ಚೋಳರ ಕಾಲದ ಅಳತೆಗೆ ನಟರಾಜನ ಹೆಸರಿತ್ತು: ಆಡವಲ್ಲಾನ್. ಅಳತೆಗೆ ದೇವರ ಹೆಸರಿಟ್ಟ ಮೇಲೆ ಅದರ ಬಾಯಿ ಅಗಲಿಸಲು ಧಣಿಗೂ ಭಯ ಇರುತ್ತದೆ. ರಾಶಿ ಅಳೆಯುವಾಗ 'ಒಂದು' ಎನ್ನದೆ 'ಲಾಭ' ಎಂದು ಶುರು ಮಾಡುವ ನಮ್ಮ ಪದ್ಧತಿಯನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ.

ಹಣದ ವಿಷಯ. ಇಥಿಯೋಪಿಯದಲ್ಲಿ ಅಮೊಲೆ ಎಂಬ ಉಪ್ಪಿನ ಗಟ್ಟಿಗಳು ಇಪ್ಪತ್ತನೆಯ ಶತಮಾನದವರೆಗೂ ಹಣವಾಗಿ ಓಡಾಡಿದವು. ಆ ಉಪ್ಪು ಬಂದದ್ದು ಅಫಾರದ ಮರುಭೂಮಿಯಿಂದ. ಮುಂಗಾರಿನ ಕರಾವಳಿಯಲ್ಲಿ ಉಪ್ಪಿನ ಹಣ ಜೇಬಿನಲ್ಲೇ ನೀರಾಗುತ್ತದೆ. ಆದ್ದರಿಂದ ಅಳಿವೆಸೀಮೆಯಲ್ಲಿ ಉಪ್ಪು ಉಗ್ರಾಣದಲ್ಲಿರುತ್ತದೆ, ಜನರ ಕೈಯಲ್ಲಿ ಸುಟ್ಟ ಮಣ್ಣಿನ ಬಿಲ್ಲೆ ಇರುತ್ತದೆ. ಒಂದು ಬಿಲ್ಲೆ ಕೊಟ್ಟರೆ ಒಂದು ಕುಕ್ಕೆ ಉಪ್ಪು. ಬಿಲ್ಲೆಯ ಮೇಲೆ ಅಡ್ಡ ಉದ್ದ ಗೆರೆ ಕೊರೆದಿರುತ್ತಾರೆ. ಮುರಿದರೆ ನಾಲ್ಕು ಚೂರು, ಚೂರಿಗೆ ನಾಲ್ಕು ಕರಟ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಬೆಳ್ಳಿಯ ಪೆನ್ನಿಯನ್ನು ಅರ್ಧ, ಕಾಲು ಕತ್ತರಿಸಿ ಚಿಲ್ಲರೆ ಮಾಡಿಕೊಳ್ಳುತ್ತಿದ್ದರು. ಮಣ್ಣಿಗೆ ಇನ್ನೂ ಒಂದು ಗುಣವಿದೆ: ಮುರಿದ ಅಂಚು ಅದರ ಜೋಡಿಗೆ ಮಾತ್ರ ಕೂಡುತ್ತದೆ. ಸಾಲ ಕೊಟ್ಟವರು, ಪಡೆದವರು ಒಂದೊಂದು ಹೋಳು ಇಟ್ಟುಕೊಂಡರೆ ಪತ್ರವೇ ಬೇಡ.

ಬೆಲೆಗಳನ್ನು ಕೂಲಿಯಿಂದ ಕಟ್ಟಿದೆ. ಉಪ್ಪಿನ ಗದ್ದೆಯ ದಿನಗೂಲಿ ಒಂದು ಬಿಲ್ಲೆ. ಲಂಬಾಣಿಗರು ಹಿಂದೆ ಹೇರೆತ್ತುಗಳ ಮೇಲೆ ಉಪ್ಪು, ಧಾನ್ಯ ಸಾಗಿಸುತ್ತಿದ್ದಂತೆ ಇಲ್ಲಿಯೂ ಹೇರಿನವರಿದ್ದಾರೆ. ಒಬ್ಬನಿಗೆ ಐದು ಎತ್ತು, ಎತ್ತಿಗೆ ಮೂರು ಹೊರೆ, ಒಟ್ಟು 120 ಬಿಲ್ಲೆಯ ಉಪ್ಪು. ಹೋಗಿ ಬರಲು 20 ದಿನ, ಕೂಲಿ 20. ಘಟ್ಟದ ಸುಂಕ ನಾಲ್ಕಕ್ಕೊಂದು ಪಾಲು, 30. ಲಾಭ 10. ಮೇಲೆ ಮಾರುವಾಗ 180, ಅಂದರೆ ಬೆಲೆ ಬರಿ ಒಂದೂವರೆ ಪಟ್ಟು. ಕಥೆಗೆ ಬೇಕಾದ ಹಾಹಾಕಾರ ಇದರಿಂದ ಹುಟ್ಟದು. ಹುಟ್ಟುವುದು ಐದು ಮಳೆ, 85 ದಿನ, ಘಟ್ಟ ಮುಚ್ಚಿದಾಗ. ಆಗ ಮೇಲೆ ಉಪ್ಪಿಲ್ಲ, ಕೆಳಗೆ ಧಾನ್ಯವಿಲ್ಲ.

ಬಡ್ಡಿಯಲ್ಲಿ ಎಲ್ಲವೂ ಒಂದಕ್ಕೊಂದು ತಗಲಿಕೊಳ್ಳುತ್ತದೆ. ಅಳಿವೆಯಲ್ಲಿ ಹೊರೆಗೆ ತಿಂಗಳಿಗೆ ಒಂದು ಕರಟ ಬಡ್ಡಿ. ಹೊರೆಗೆ 128 ಕರಟ, ಆದ್ದರಿಂದ ಸಾಮಾನ್ಯ ವರ್ಷಕ್ಕೆ 13, ಅಂದರೆ ನೂರಕ್ಕೆ ಹತ್ತರ ಹತ್ತಿರ. ಕಡ ತಿಂಗಳಿದ್ದರೆ 14. ಒಂದು ಕರಟ ದೊಡ್ಡದಲ್ಲ, ಆದರೆ ಸಾವಿರಾರು ಹೊರೆ ಸಾಲ ಕೊಟ್ಟ ಉಗ್ರಾಣಕ್ಕೆ ಅದು ದೊಡ್ಡದೇ. ಅಕ್ಬರನ ಕಾಲದಲ್ಲಿ ಫಸಲಿ ವರ್ಷ ತಂದದ್ದು ಇಂಥದೇ ಕಾರಣಕ್ಕೆ: 354 ದಿನದ ಹಿಜರಿ ವರ್ಷ ಸುಗ್ಗಿಯನ್ನು ಬಿಟ್ಟು ಜಾರುತ್ತಿತ್ತು, ಕಂದಾಯ ಬೆಳೆಗೆ ಹೊಂದಬೇಕಿತ್ತು. ಹಿಂದೆ ಹೈದರಾಬಾದ್ ಕರ್ನಾಟಕ ಎನಿಸಿದ್ದ ನಮ್ಮ ಕಲ್ಯಾಣ ಕರ್ನಾಟಕದ ಹಳೆಯ ಕಂದಾಯ ಕಾಗದಗಳಲ್ಲೂ ಫಸಲಿ ಕಾಣುತ್ತದೆ. ಅಳಿವೆಯ ಹೆಂಗಸರು ಮಾತ್ರ ತಮ್ಮದೇ ನ್ಯಾಯ ಮಾಡಿಕೊಂಡಿದ್ದಾರೆ: ಕಡ ತಿಂಗಳಿಗೆ ಬಡ್ಡಿ ಬರೆಯುವಂತಿಲ್ಲ. ಕಡ ತಂದದ್ದರ ಮೇಲೆ ಕಡ ಹೇರಬಾರದು.

ಮುಂದಿನ ಭಾಗ ರಾಜಧಾನಿಯ ಸುಧಾರಣೆ. ಭಾರತದಲ್ಲಿ ಭೌತವಿಜ್ಞಾನಿ ಮೇಘನಾದ ಸಹಾ ಅಧ್ಯಕ್ಷತೆಯ ಸಮಿತಿ ರೂಪಿಸಿದ ರಾಷ್ಟ್ರೀಯ ಪಂಚಾಂಗ 1957ರ ಮಾರ್ಚ್ 22ರಂದು ಜಾರಿಗೆ ಬಂತು, ಹತ್ತೇ ದಿನದ ಮೇಲೆ, ಏಪ್ರಿಲ್ 1ರಂದು, ರೂಪಾಯಿಗೆ ನೂರರಂತೆ ನಯಾ ಪೈಸೆ ಬಂತು. ಆರೂಕಾಲು ಪೈಸೆಯ ಆಣೆ ಲೆಕ್ಕದಿಂದ ಹೋಯಿತು, ಬಾಯಲ್ಲಿ ನಾಲ್ಕಾಣೆ ಎಂಟಾಣೆ ಉಳಿದವು. ನನ್ನ ಅರಸಿಯೂ ಪಂಚಾಂಗ ಮತ್ತು ಹಣ ಎರಡನ್ನೂ ಒಂದೇ ಮಳೆಯಲ್ಲಿ ಬದಲಿಸುತ್ತಾಳೆ. ಬಿಲ್ಲೆಗೆ ಇನ್ನು 16 ಕರಟವಲ್ಲ, 20 ಕಾಸು. ಚೂರು ಸರಿಯಾಗಿ 5 ಕಾಸಾಗುತ್ತದೆ, ತೊಂದರೆಯಿಲ್ಲ. ಆದರೆ ಹೊಳೆ ದಾಟಿಸುವ ದೋಣಿಗೆ ತಲೆಗೆ ಎರಡು ಕರಟ ಇತ್ತು, ಅದು ಎರಡೂವರೆ ಕಾಸು. ಅರೆ ಕಾಸನ್ನು ಟಂಕಿಸಿಲ್ಲ. ಅಂಬಿಗ ಮೂರು ಕೇಳುತ್ತಾನೆ, ಸಂತೆಗೆ ಹೊರಟವರು ಎರಡೇ ಕೊಡುತ್ತಾರೆ. ದಂಗೆ ಅರಮನೆಯ ಬಾಗಿಲಲ್ಲಿ ಏಳುವುದಿಲ್ಲ, ಈ ದೋಣಿಗಟ್ಟೆಯಲ್ಲಿ ಏಳುತ್ತದೆ. ಅದಕ್ಕೆ ಬೇಕಾದ ಹಳೆಯ, ಹೊಸ ದರಗಳ ಪೂರ್ತಿ ಪಟ್ಟಿ ಮತ್ತು ಉಳಿದ ಎಂಟು ತಿಂಗಳ ಹೆಸರುಗಳನ್ನು ಈಗ ಬರೆಯುತ್ತಿದ್ದೇನೆ.