"ಲೆಸ್ಬಿಯನ್ ಬಾರ್" ಅನ್ನೋ ಹೆಸರು ಯಾಕೆ ಬಿಟ್ಟರು?

ಊರಿಂದ ಯಾರೇ ನ್ಯೂಯಾರ್ಕಿಗೆ ಬಂದರೂ ಗ್ರೀನಿಚ್ ವಿಲೇಜ್ ಅನ್ನುವ ಬಡಾವಣೆ ಸುತ್ತಿಸುವ ಕೆಲಸ ನನ್ನದೇ. ಮೊದಲು ಸ್ಟೋನ್‌ವಾಲ್ ಅನ್ನುವ ಹೆಸರಾಂತ ಗೇ ಬಾರ್. ಅಲ್ಲಿಂದ ಸ್ವಲ್ಪ ನಡೆದರೆ ಹಡ್ಸನ್ ಸ್ಟ್ರೀಟಿನ ಮೂಲೆಯಲ್ಲಿ ಹೆನ್ರಿಯೆಟಾ ಹಡ್ಸನ್. "1991ರಿಂದ ಇರುವ ಲೆಸ್ಬಿಯನ್ ಬಾರ್" ಅನ್ನುತ್ತೇನೆ. ಅವರು ಫೋನಿನಲ್ಲಿ ಹುಡುಕಿ ನೋಡುತ್ತಾರೆ. ಆಮೇಲೆ ಅದೇ ಪ್ರಶ್ನೆ: "ಇವರು ಹಾಗೆ ಹೇಳಿಕೊಂಡೇ ಇಲ್ಲವಲ್ಲ! ಯಾಕೆ ಬದಲಾಯಿಸಿದರು?"

ನಿಜ. ಕೋವಿಡ್ ಮುಗಿಸಿ 2021ರಲ್ಲಿ ಮತ್ತೆ ಬಾಗಿಲು ತೆರೆದಾಗ ಅವರು ಹೇಳಿಕೊಂಡದ್ದು "ಲೆಸ್ಬಿಯನ್ನರು ಕಟ್ಟಿದ ಕ್ವಿಯರ್ ಮನುಷ್ಯರ ಬಾರ್" ಅಂತ. ಗೇ, ಲೆಸ್ಬಿಯನ್, ಟ್ರಾನ್ಸ್, ಎಲ್ಲರಿಗೂ ಸೇರಿಸಿ ಹೇಳುವ ಪದ ಕ್ವಿಯರ್. ನಮ್ಮ ಮಿಲಿಟರಿ ಹೋಟೆಲಿನಲ್ಲಿ ಬೋರ್ಡು ಉಳಿದಿದೆ, ಸಿಪಾಯಿಗಳಿಲ್ಲ. ಇಲ್ಲಿ ಉಲ್ಟಾ. ಹುಡುಗಿಯರು ಇದ್ದಾರೆ, ಹೆಸರು ಹಿಂದಕ್ಕೆ ಸರಿದಿದೆ.

ಆ ಮೂಲೆಗೆ ಹೆಸರು ಬದಲಾಗುವುದು ಹೊಸದೇನಲ್ಲ ಬಿಡಿ. 1980ರ ದಶಕದಲ್ಲಿ ಅಲ್ಲೇ ಕಬಿ ಹೋಲ್ ಅನ್ನುವ ಲೆಸ್ಬಿಯನ್ ಬಾರ್ ಇತ್ತು. ಅಲ್ಲಿ ಡ್ರಿಂಕ್ಸ್ ಕೊಡುತ್ತಿದ್ದ ಲೀಸಾ ಕ್ಯಾನಿಸ್ಟ್ರಾಚಿ, ಮಿನ್ನಿ ರಿವೇರಾ ಜೊತೆ ಸೇರಿ ಅದೇ ಜಾಗದಲ್ಲಿ ಹೆನ್ರಿಯೆಟಾ ತೆರೆದರು. ಕಬಿಹೋಲ್ ಅನ್ನುವ ಹೆಸರು ಆಮೇಲೆ ವೆಸ್ಟ್ 12ನೇ ಸ್ಟ್ರೀಟಿನ ಬೇರೊಂದು ಬಾರಿಗೆ ಹೋಯಿತು.

ನನಗೆ ಅನ್ನಿಸುವುದು ಇಷ್ಟು: ಬಾರಿಗಿಂತ ಮೊದಲು ಬದಲಾದವರು ಗಿರಾಕಿಗಳು. ಈಗಿನ ಎಷ್ಟೋ ಹುಡುಗರು ಹುಡುಗಿಯರು ತಮ್ಮನ್ನು ಟ್ರಾನ್ಸ್ ಅನ್ನುತ್ತಾರೆ, ನಾನ್‌ಬೈನರಿ (ಬರೀ ಗಂಡು ಅಥವಾ ಬರೀ ಹೆಣ್ಣು ಅಂತ ಅಲ್ಲ) ಅನ್ನುತ್ತಾರೆ, ಬೈ (ಗಂಡು ಹೆಣ್ಣು ಇಬ್ಬರೂ ಇಷ್ಟ) ಅನ್ನುತ್ತಾರೆ. ಬಾಗಿಲ ಹತ್ತಿರ ನಿಂತು "ಇದು ನನ್ನ ಜಾಗಾನಾ?" ಅಂತ ಅವರು ಯೋಚಿಸಿದರೆ ಆ ದಿನದ ವ್ಯಾಪಾರವೂ ಹೋಯಿತು, ಆ ಗೆಳೆತನವೂ ಹೋಯಿತು.

ವ್ಯಾಪಾರದ ಮಾತು ಸಣ್ಣದಲ್ಲ. 1980ರ ದಶಕದ ಕೊನೆಗೆ ಅಮೆರಿಕದಲ್ಲಿ ಸುಮಾರು 200 ಲೆಸ್ಬಿಯನ್ ಬಾರುಗಳಿದ್ದವು ಅನ್ನುತ್ತಾರೆ. 2021ರ ಹೊತ್ತಿಗೆ ಲೆಕ್ಕಕ್ಕೆ ಸಿಕ್ಕಿದ್ದು ಇಪ್ಪತ್ತರ ಆಸುಪಾಸು. ಹೆಂಗಸರ ಸಂಪಾದನೆ ಕಡಿಮೆ, ಮ್ಯಾನ್‌ಹಟನ್ ಬಾಡಿಗೆ ಜಾಸ್ತಿ. ಗಂಡನ ಸಹಿ ಇಲ್ಲ ಅಂತ ಹೆಂಗಸಿಗೆ ಸಾಲ ಕೊಡದೇ ಇರುವುದನ್ನು ಈ ದೇಶ ಕಾನೂನಿನಿಂದ ತಡೆದದ್ದೇ 1974ರಲ್ಲಿ! ಹಾಗಿರುವಾಗ ಸ್ವಂತ ಬಾರು ಎಷ್ಟು ಜನ ತೆರೆದಾರು? ಡೇಟಿಂಗ್ ಆ್ಯಪಿನಿಂದಲೇ ಎಲ್ಲ ಹಾಳಾಯಿತು ಅನ್ನುವವರ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಆ್ಯಪು ಬಾಡಿಗೆ ಏರಿಸುವುದಿಲ್ಲ ಅಲ್ವಾ?

ಆದರೂ ನನಗೆ ಚುಚ್ಚುವುದು ಒಂದಿದೆ. "ಲೆಸ್ಬಿಯನ್" ಅನ್ನುವ ಪದವನ್ನು ಗಟ್ಟಿಯಾಗಿ ಹೇಳಿದ್ದಕ್ಕೇ ಕೆಲಸ, ಮನೆ, ಮಕ್ಕಳನ್ನು ಕಳೆದುಕೊಂಡವರಿದ್ದಾರೆ. ಅಂಥವರಿಗೆ ಈ ಬದಲಾವಣೆ ಕಂಡು ಸಿಟ್ಟು ಬಂದರೆ ತಪ್ಪೇನು? ಎಲ್ಲರಿಗೂ ಜಾಗ ಮಾಡಿಕೊಡಿ ಅಂತ ಮೊದಲು ಹೆಂಗಸರಿಗೇ ಯಾಕೆ ಹೇಳಬೇಕು? ಗಂಡಸರ ಗೇ ಬಾರುಗಳಿಗೆ ಈ ಪ್ರಶ್ನೆ ಇಷ್ಟು ಜೋರಾಗಿ ಬಂದದ್ದನ್ನು ನಾನಂತೂ ಕೇಳಿಲ್ಲ.

ಇನ್ನು, "ಗಂಡಸರನ್ನು ಒಳಗೆ ಬಿಡ್ತಾರಾ?" ಬಿಡುತ್ತಾರೆ. ನಮ್ಮ ಭಾವ ಹೋಗಿ, ಸುಮ್ನೆ ಒಂದು ಬಿಯರ್ ಕುಡಿದು, ಟಿಪ್ಸ್ ಇಟ್ಟು ಬಂದರು. ಹೊರಗೆ ಬಂದವರೇ ಅಕ್ಕನಿಗೆ ಫೋನ್ ಮಾಡಿದರು: "ಲೇ, ಲೆಸ್ಬಿಯನ್ ಬಾರಿಗೆ ಹೋಗಿದ್ದೆ ಕಣೇ."